ಗಟ್ಟಿ ದಿಂಬು

ಶನಿವಾರ

ತಂಗಿ ಎನ್ನಿಸಿಕೊಂಡವಳಿಗೆ,

ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ಬಾಯಿಮಾತಿನ ಹಾರೈಕೆ, ಹಿಗ್ಗಬೇಡ.

ಇವತ್ತು ನನ್ನ ಉಪವಾಸ. ಕಸ ಗುಡಿಸಿ, ನೀರು ತುಂಬಿಸಿ, ದೀಪ ಹಚ್ಚಿ, ನಿನ್ನ ಭಾವನಿಗೆ ಊಟ ಮುಚ್ಚಿಟ್ಟು ಈಗ ಕಾಗದ ಹಿಡಿದಿದ್ದೇನೆ. ಉಪವಾಸದ ದಿನ ಸಿಟ್ಟಾಗಬಾರದು ಅಂತಾರೆ. ನಿನ್ನಂಥ ತಂಗಿ ಇಲ್ಲದವರು ಹೇಳುವ ಮಾತು ಅದು.

ನಮ್ಮ ಪ್ರಾರ್ಥನೆ ಗುಂಪಿನ ಹೆಂಗಸರು ಕ್ಯಾನ್ಸರ್ ಆಸ್ಪತ್ರೆಗೆಂದು ದಿಂಬು ಹೊಲಿಯುತ್ತೇವೆ. ಎದೆಯ ಆಪರೇಷನ್ ಆದವರು ಕಂಕುಳಲ್ಲಿ ಇಟ್ಟುಕೊಳ್ಳುವಂಥದ್ದು. ಯಾವ ದಿಂಬಿಗೂ ಹೆಸರು ಹಾಕುವುದಿಲ್ಲ. ಹೆಸರು ಹಾಕಿದರೆ ಪುಣ್ಯ ಸೋರಿಹೋಗುತ್ತದೆ ಎಂದು ನಾನೇ ಮಾಡಿದ ಕಟ್ಟಳೆ. ಮೊನ್ನೆ ಅಲ್ಲಿನ ನರ್ಸಮ್ಮ ಒಂದು ಚೀಲ ತಂದು ನಮ್ಮ ನಡುವೆ ಸುರಿದಳು. ಬರೀ ಹತ್ತಿ. ಯಾರೋ ರೋಗಿ ದಿಂಬಿನ ಹೊಲಿಗೆ ಬಿಚ್ಚಿ, ಅರ್ಧ ಹತ್ತಿ ಕಿತ್ತು ವಾಪಸ್ ಕಳಿಸಿದ್ದಳಂತೆ. ಹೊಲಿದ ಮಹಾತಾಯಿಗೆ ಹೇಳಿ ನರ್ಸಮ್ಮಾ, ನಾ ಕೇಳಿದ್ದು ದಿಂಬು, ಬೀಸೋ ಕಲ್ಲಲ್ಲ ಅಂದಳಂತೆ. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಹಾಗೆ ಹತ್ತಿ ಗಿಡಿದು ತುಂಬುವವಳು ನಾನೊಬ್ಬಳೇ, ಹಾಗೆ ಬೈಯುವವಳು ಇನ್ನೊಬ್ಬಳೇ. ಆ ರೋಗಿಯ ಗಲ್ಲದ ಮೇಲೆ ಸುಟ್ಟ ಕಲೆ ಇದೆಯಾ ಎಂದು ನರ್ಸಮ್ಮನನ್ನು ಕೇಳಿದೆ. ಇದೆ ಅಂದಳು.

ನಿನ್ನ ಕಾಯಿಲೆಯ ಸುದ್ದಿಯನ್ನು ನನಗೆ ಹತ್ತಿ ಬಂದು ಹೇಳಬೇಕಾಯಿತೇ? ಅಮ್ಮನ ಹೊಲಿಗೆ ಯಂತ್ರವನ್ನು ನೀನು ನನ್ನನ್ನು ಒಂದು ಮಾತು ಕೇಳದೆ ಕಂಡವರಿಗೆ ಎತ್ತಿಕೊಟ್ಟೆ. ಅದಕ್ಕೇ ನಾನು, ನನ್ನ ಹೊಸಲು ತುಳಿಯಬೇಡ ಅಂದೆ. ಅಂದದ್ದು ನಿಜ, ಆ ಸಿಟ್ಟು ಇನ್ನೂ ಆರಿಲ್ಲ. ಹಾಗಂತ ಸಾಯೋ ಸಂಕಟವನ್ನೂ ಮುಚ್ಚಿಡುವುದೇ? ಊರ ರೋಗಿಗಳಿಗೆಲ್ಲ ದೇವರಲ್ಲಿ ಬೇಡಿಕೊಂಡೆ, ಒಡಹುಟ್ಟಿದವಳನ್ನು ಬಿಟ್ಟು. ದೇವರ ಮುಂದೆ ನನ್ನನ್ನು ಪೆದ್ದಿ ಮಾಡಿಬಿಟ್ಟೆಯಲ್ಲೇ!

ನೋಡಿಕೊಳ್ಳೋಕೆ ನಮ್ಮೋರು ಅಂತ ಯಾರೂ ಇಲ್ಲ ಅಂತ ನರ್ಸಮ್ಮನಿಗೆ ಅಂದೆಯಂತೆ. ನಾನೇನು ಸತ್ತಿದ್ದೇನಾ? ಸೋಮವಾರ ಮನೆಗೆ ಕಳಿಸುತ್ತಾರಂತೆ. ಕೈ ಎತ್ತಲಾಗದವಳು ತಲೆಗೆ ನೀರು ಹೇಗೆ ಹಾಕಿಕೊಳ್ಳುತ್ತೀ? ನೆಟ್ಟಗೆ ನನ್ನ ಮನೆಗೆ ಬಾ. ನಿನ್ನ ಜೊತೆ ಮಾತಾಡುವುದಿಲ್ಲ. ಬೈಯುತ್ತೇನೆ, ಅಷ್ಟೇ.

ನಿನ್ನ ಹಗೆ,
ಅಕ್ಕ

ಇನ್ನೊಂದು ಮಾತು: ಇದನ್ನು ಬರೆದದ್ದು ನಿನ್ನ ವಾರ್ಡಿನ ಕೆಳಗಿನ ಬೆಂಚಿನ ಮೇಲೆ. ಎರಡು ಸಲ ನಿನ್ನ ಬಾಗಿಲ ತನಕ ಬಂದು ಇಳಿದುಬಿಟ್ಟೆ. ನೀನು ಕರೆಯದೆ ಒಳಗೆ ಕಾಲಿಡಲಾರೆ. ಬಾ ಅಂತಲೋ, ತೊಲಗು ಅಂತಲೋ ಗೀಚಿ ನರ್ಸಮ್ಮನ ಕೈಗೆ ಕೊಡು. ಅವಳೇ ಇಳಿದು ಬಂದು ಕೊಡಲಿ.