ಅಣ್ಣನ ಬಿಸಿನೀರು

ಮನೆಯ ಹಿಂದಿನ ರೂಮು,
೧೪ನೇ ತಾರೀಖು, ಶನಿವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಮೊದಲಿಗೇ ಸಾರಿ. ಫೋನ್ ಇರುವಾಗ ಇವಳಿಗೆಲ್ಲಿಂದ ಬಂತು ಕಾಗದ ಬರೆಯೋ ಕಾಯಿಲೆ ಅಂತ ನೀನು ಅಂದುಕೊಳ್ಳುತ್ತೀಯ, ಗೊತ್ತು. ಹಾಸ್ಟೆಲಿನಲ್ಲಿ ವಾರ್ಡನ್ ಮುಂದೆ ಕೂತು ‘ನಾನು ಕ್ಷೇಮ’ ಅಂತ ಬರೆಯುತ್ತಿದ್ದೆನಲ್ಲ, ಕನ್ನಡದಲ್ಲಿ ಕಾಗದ ಬರೆದದ್ದು ಅದೇ ಕೊನೆ. ತಪ್ಪಿದ್ದರೆ ತಿದ್ದಿಕೊಂಡು ಓದು. ಅಣ್ಣನ ವಿಷಯ ಫೋನಿನಲ್ಲಿ ಎತ್ತಿದಾಗಲೆಲ್ಲ ನೀನು ‘ಇರು, ಅವನನ್ನೂ ಸೇರಿಸ್ತೀನಿ’ ಅಂತ ಕಾನ್ಫರೆನ್ಸ್ ಹಾಕುತ್ತೀಯ. ಅವನು ‘ಅವಳಿಗೆ ಟೆನ್ಷನ್ ಜಾಸ್ತಿ ಅಮ್ಮಾ, ಇಷ್ಟಿದ್ದದ್ದನ್ನ ಅಷ್ಟು ಮಾಡ್ತಾಳೆ’ ಅಂತ ನಗುತ್ತಾನೆ. ನೀನೂ ನಗುತ್ತೀಯ. ಅಲ್ಲಿಗೆ ಮುಗಿಯಿತು. ಕಾಗದಕ್ಕೆ ಕಾನ್ಫರೆನ್ಸ್ ಹಾಕೋಕೆ ಆಗಲ್ಲ, ಅದಕ್ಕೇ ಇದು. ನಿನ್ನ ಜೊತೆ ಕೆಲಸ ಮಾಡುವ ಆಂಟಿ ರಜೆ ಮುಗಿಸಿ ಇವತ್ತೇ ನೀನಿರುವ ಊರಿಗೆ ಹೊರಡುತ್ತಾರಂತೆ, ಅವರ ಕೈಯಲ್ಲಿ ಕೊಡುತ್ತೇನೆ.

ನಿನ್ನ ಸೊಂಟ ಹೇಗಿದೆ? ನೀನು ನೋಡಿಕೊಳ್ಳುವ ಅಜ್ಜಿಯನ್ನು ಒಬ್ಬಳೇ ಎತ್ತಬೇಡ, ಆ ಮನೆಯ ಮಗನನ್ನು ಕರೆ. ಅವನ ತಾಯಿ ತಾನೇ, ಒಂದು ಕೈ ಹಾಕಲಿ. ಅಜ್ಜಿ ಈಗಲೂ ನಿನ್ನನ್ನು ತನ್ನ ತಂಗಿ ಅಂದುಕೊಂಡು ಬೈಯುತ್ತಾರಾ? ಬೆಲ್ಟ್ ಹಾಕಿಕೋ, ಮಲಗುವಾಗ ದಿಂಬು ಕಾಲಿನ ಕೆಳಗೆ ಇಟ್ಟುಕೋ. ನನ್ನ ಕಾಲೇಜು ಚೆನ್ನಾಗಿದೆ ಅಂತ ಬರೆಯಬೇಕು. ಚೆನ್ನಾಗಿಲ್ಲ. ಮೊದಲ ಇಂಟರ್ನಲ್ಸ್‌ನಲ್ಲಿ ಒಂದು ಪೇಪರ್ ಬರೆದೇ ಇಲ್ಲ. ಆ ದಿನ ಅಣ್ಣನನ್ನು ಟ್ಯಾಕ್ಸಿಯಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದ್ದೆ.

ಅಮ್ಮಾ, ಅಣ್ಣನ ವಾಂತಿಗೆ ನನ್ನ ಅಡುಗೆ ಕಾರಣವಲ್ಲ. ಪಿತ್ತಕೋಶದ ಕಲ್ಲೂ ಕಾರಣವಲ್ಲ. ಬುಧವಾರ ಆಪರೇಷನ್ ಮಾಡಿ ಪಿತ್ತಕೋಶ ತೆಗೆದುಬಿಡೋಣ ಅಂತ ಸರ್ಜನ್ ಹೇಳಿದ್ದಾರೆ, ಅವನು ಒಪ್ಪಿಕೊಂಡಿದ್ದಾನೆ, ನಿನ್ನ ಹೂಂ ಒಂದಕ್ಕೆ ಕಾಯುತ್ತಿದ್ದಾನೆ. ಆ ಹೂಂ ಹೇಳಬೇಡ. ಅವನು ಸೇದುತ್ತಿದ್ದಾನೆ. ಸಿಗರೇಟಲ್ಲ. ಗಾಂಜಾದಿಂದ ಹಿಂಡಿ ತೆಗೆದ ಎಣ್ಣೆ. ಬರೆದಾಯಿತು. ಈಗ ಒಂದು ಸಲ ಕಾಗದ ಕೆಳಗಿಟ್ಟು ನೀರು ಕುಡಿದು ಬಾ.

ನನಗೂ ಗೊತ್ತಾಗಲಿಲ್ಲ. ಗಾಂಜಾ ಅಂದರೆ ಹೊಗೆ, ಗಬ್ಬುವಾಸನೆ, ಕೆಂಪು ಕಣ್ಣು ಅಂತ ಹಾಸ್ಟೆಲಿನಲ್ಲಿ ಲೆಕ್ಚರ್ ಕೇಳಿದ್ದೆವು. ಇದಕ್ಕೆ ಅದ್ಯಾವುದೂ ಇಲ್ಲ. ಪೆನ್ನಿನ ಹಾಗೆ ಒಂದು ವಸ್ತು, ತುದಿಯಲ್ಲಿ ಗಾಜಿನ ಕೊಳವೆ, ಅದರೊಳಗೆ ಜೇನಿನ ಬಣ್ಣದ ಅಂಟು. ಅದು ಕಾದು ಬರುವ ಹಬೆಯನ್ನು ಬಾಯಲ್ಲಿ ಎಳೆಯುವುದು. ನನ್ನ ಫೋನಿನ ಚಾರ್ಜರ್‌ನಲ್ಲೇ ಚಾರ್ಜ್ ಮಾಡುತ್ತಿದ್ದ. ಏನಿದು ಅಂದರೆ ‘ಲೆನ್ಸ್ ಮೇಲೆ ಮಾರ್ಕ್ ಮಾಡೋ ಪೆನ್ನು, ಮುಟ್ಟಬೇಡ’ ಅಂದ. ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವವನು ಹೇಳಿದರೆ ನಂಬಬೇಕಲ್ಲ, ನಂಬಿದೆ. ರೂಮಿನಲ್ಲಿ ಬರುತ್ತಿದ್ದದ್ದು ಮಕ್ಕಳ ಮಿಠಾಯಿಯ ವಾಸನೆ. ನಮ್ಮ ದೊರೆಗೆ ಈ ವಯಸ್ಸಿನಲ್ಲಿ ಪೆಪ್ಪರಮೆಂಟ್ ಚಟ ಅಂತ ನಾನು ತಮಾಷೆ ಬೇರೆ ಮಾಡಿದ್ದೆ.

ಆಮೇಲೆ ಸ್ನಾನ ಶುರುವಾಯಿತು. ಬೆಳಗ್ಗೆ ಎದ್ದ ಕೂಡಲೇ ಓಕರಿಕೆ, ಹೊಟ್ಟೆ ಹಿಡಿದುಕೊಂಡು ಬಾತ್‌ರೂಮಿಗೆ ಓಡುವುದು, ಗೀಸರ್ ಆನ್. ತಿಂಡಿಗೆ ಮುಂಚೆ ಒಂದು ಸಲ, ತಿಂಡಿ ವಾಂತಿಯಾದ ಮೇಲೆ ಇನ್ನೊಂದು ಸಲ, ಮತ್ತೆ ಮಧ್ಯಾಹ್ನ. ಬಾಗಿಲ ಕೆಳಗಿಂದ ಹಬೆ ಬರುವಷ್ಟು ಬಿಸಿ. ಬೆನ್ನು ಸುಟ್ಟ ಹಾಗೆ ಕೆಂಪಾಗಿರುತ್ತಿತ್ತು. ನಾನು ಹಾಸ್ಟೆಲಿನವಳು, ತಣ್ಣೀರು ನಾಲ್ಕು ಮಗ್ ಸುರಿದುಕೊಂಡರೆ ಅದೇ ಸ್ನಾನ. ನನಗೆ ವಿಚಿತ್ರ ಅನಿಸಿತು. ನಿನಗೆ ಹೇಳಿದರೆ ನೀನು ‘ಬಿಸಿನೀರು ಒಳ್ಳೇದೇ ಕಣೇ, ಮೈ ಹಗುರ ಆಗುತ್ತೆ. ಅವನನ್ನ ನೋಡಿ ನೀನೂ ಕಲಿ’ ಅಂದೆ. ಮೇಲಿನ ಮನೆಯ ಓನರ್ ಆಂಟಿ ಟ್ಯಾಂಕ್ ಖಾಲಿಯಾದಾಗಲೆಲ್ಲ ಮೆಟ್ಟಿಲಲ್ಲಿ ನಿಂತು ‘ನಿಮ್ಮಣ್ಣ ಏನು ಮೀನಾ? ಕಿವಿರು ಗಿವಿರು ಬಂದಿದೆಯಾ ನೋಡಮ್ಮ’ ಅನ್ನುತ್ತಿದ್ದರು. ಅವರಿಗೊಂದು ನಗು, ನಿನಗೊಂದು ಹೆಮ್ಮೆ. ನಾನು ಮಾತ್ರ ಬಕೆಟ್ ತೊಳೆಯುತ್ತಿದ್ದೆ.

ಅಡುಗೆಯ ಆರೋಪ ಬಂದದ್ದು ಆಗಲೇ. ‘ಎಣ್ಣೆ ಕಡಿಮೆ ಹಾಕು, ಖಾರ ನಿಲ್ಲಿಸು, ಹಾಸ್ಟೆಲ್ ನಾಲಿಗೆ ನಿಂದು, ಅವನ ಹೊಟ್ಟೆ ಹಾಳು ಮಾಡ್ತೀಯ.’ ಉಪ್ಪು ಬಿಟ್ಟು ಇನ್ನೇನೂ ಇಲ್ಲದ ಊಟ ಮಾಡಿಹಾಕಿದೆ, ಅಮ್ಮಾ. ಅದೂ ವಾಂತಿ. ಅವನು ಪಕ್ಕದಲ್ಲೇ ಕೂತು ನಿನ್ನ ಬೈಗುಳ ಕೇಳಿಸಿಕೊಳ್ಳುತ್ತಿದ್ದ, ಅವಳದ್ದೇನೂ ತಪ್ಪಿಲ್ಲ ಅಂತ ಒಂದು ಮಾತು ಬರಲಿಲ್ಲ. ಒಂದು ದಿನ ತಟ್ಟೆ ತಳ್ಳಿ ‘ಏನು ಹಾಕ್ತಿದ್ದೀಯ ಇದಕ್ಕೆ, ನಿಜ ಹೇಳು’ ಅಂದ. ಮುಖ ನೋಡಿದರೆ ತಮಾಷೆಯಲ್ಲ. ಮೈಯೆಲ್ಲ ಬೆವರು, ಎದೆ ಹೊಡೆದುಕೊಳ್ಳುವುದು ಅಂಗಿಯ ಮೇಲಿಂದ ಕಾಣುತ್ತಿತ್ತು. ಓನರ್ ಆಂಟಿ ಪೈಪಿಗೆ ಕಿವಿಯಿಟ್ಟು ಕೇಳಿಸಿಕೊಳ್ಳುತ್ತಾರೆ, ನಾನು ಅವರ ಜೊತೆ ಸೇರಿದ್ದೇನೆ ಅಂತೆಲ್ಲ ಹೇಳಿದ. ಸಂಜೆಗೆ ಸರಿಹೋದ, ಸಾರಿ ಅಂದ. ಆದರೆ ಅವತ್ತಿನಿಂದ ನಾನು ಮೊದಲ ತುತ್ತು ಅವನ ಎದುರು ತಿಂದು ತೋರಿಸಿ ಆಮೇಲೆ ಬಡಿಸುತ್ತೇನೆ. ನೀನು ಖಾರ ಅಂದೆ, ಅವನು ವಿಷ ಅಂದ.

ಹಾಸ್ಟೆಲಿಗೆ ಪ್ರತಿ ವಿಸಿಟಿಂಗ್ ಭಾನುವಾರ ಬರುತ್ತಿದ್ದವನು ಇವನೇ, ನೆನಪಿದೆಯಾ? ಗೇಟಿನ ಹತ್ತಿರ ಕೂತು ನನ್ನ ಕನ್ನಡಕದ ಸ್ಕ್ರೂ ಬಿಗಿಮಾಡಿ, ಗಾಜು ಒರೆಸಿ, ‘ಈಗ ನೋಡು, ವಾರ್ಡನ್ ಮೀಸೆ ಕಾಣುತ್ತೆ’ ಅನ್ನುತ್ತಿದ್ದ. ವಾರ್ಡನ್ ಹೆಂಗಸು. ಅವನ ಕೈಯ ಗಾಜು ಅಂದರೆ ಅಂಗಡಿಯ ಯಜಮಾನರು ಎರಡನೇ ಸಲ ಚೆಕ್ ಮಾಡುತ್ತಿರಲಿಲ್ಲ. ಕಾಲೇಜಿಗೆ ಅಂತ ಅವನೇ ಮಾಡಿಕೊಟ್ಟ ಹೊಸ ಕನ್ನಡಕ ಹಾಕಿದ ದಿನದಿಂದ ನನಗೆ ತಲೆನೋವು. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಕೂರಿಸಿದ್ದ. ಗಿರಾಕಿಗಳಿಗೂ ಹಾಗೇ ಮಾಡಿದ. ಯಜಮಾನರು ಒಳ್ಳೆಯವರು, ‘ಹೊಟ್ಟೆ ಸರಿಹೋದ ಮೇಲೆ ಬಾ’ ಅಂತ ಕಳಿಸಿದರು. ನಿನಗೆ ಅವನು ಹೇಳಿದ್ದು ರಜೆ ಅಂತ, ಅಲ್ಲವಾ?

ಆ ಇಂಟರ್ನಲ್ಸ್ ದಿನ ಅವನಿಗೆ ನಿಲ್ಲಲೂ ಆಗಲಿಲ್ಲ. ಕ್ಯಾಶುಯಾಲ್ಟಿಯಲ್ಲಿ ಡ್ರಿಪ್ ಹಾಕಿದರು. ವಾಂತಿ ಆಗಿ ಆಗಿ ರಕ್ತದಲ್ಲಿ ಪೊಟ್ಯಾಸಿಯಂ ಇಳಿದುಹೋಗಿದೆ, ಹೀಗೇ ಬಿಟ್ಟರೆ ಹೃದಯ ತಾಳ ತಪ್ಪುತ್ತದೆ, ಕಿಡ್ನಿಗೂ ಪೆಟ್ಟು ಅಂದರು. ಅಲ್ಲಿದ್ದ ಡಾಕ್ಟರ್ ಚಿಕ್ಕ ವಯಸ್ಸಿನವರು. ಊಟ, ನೀರು ಎಲ್ಲ ವಿಚಾರಿಸಿ, ಕೊನೆಗೆ ಬರೆಯುತ್ತಾ ಬರೆಯುತ್ತಾ ‘ಬಿಸಿನೀರಿನ ಸ್ನಾನ ಮಾಡಿದ್ರೆ ಆರಾಮ ಅನ್ಸುತ್ತಾ?’ ಅಂತ ಕೇಳಿದರು. ಅಣ್ಣನ ಮುಖ ಬಿಳಿಚಿಕೊಂಡಿತು. ‘ಗಾಂಜಾ ಏನಾದ್ರೂ?’ ಅಂದರು. ‘ಛೇ, ಇಲ್ಲ ಮೇಡಂ’ ಅಂದ. ಆಮೇಲೆ ಅವರು ನನ್ನನ್ನು ಕಾರಿಡಾರಿಗೆ ಕರೆದು, ಅವನ ವಿಷಯ ಅವನನ್ನು ಕೇಳದೆ ಹೇಳುವಂತಿಲ್ಲ, ಸಾಮಾನ್ಯವಾಗಿ ಹೇಳುತ್ತೇನೆ ಅಂದರು: ದಿನಾ ತುಂಬಾ ಸೇದುವವರಲ್ಲಿ ಕೆಲವರಿಗೆ ಹೀಗಾಗುತ್ತದೆ. ಬಿಸಿನೀರು ಬಿದ್ದಷ್ಟು ಹೊತ್ತು ಮಾತ್ರ ಹೊಟ್ಟೆ ಸುಮ್ಮನಿರುತ್ತದೆ. ಎಲೆಯಲ್ಲಿರುವುದಕ್ಕಿಂತ ಈ ಎಣ್ಣೆಯಲ್ಲಿ ಎಷ್ಟೋ ಪಾಲು ಜಾಸ್ತಿ. ಭಯ, ಅನುಮಾನ, ಎದೆಬಡಿತ, ಮರೆವು ಎಲ್ಲ ಅದರ ಜೊತೆಗೇ ಬರಬಹುದು. ‘ಬಿಡೋದೊಂದೇ ಔಷಧಿ. ಕಡಿಮೆ ಮಾಡ್ತೀನಿ ಅನ್ನೋದು ಲೆಕ್ಕಕ್ಕಿಲ್ಲ.’

ವಾಪಸ್ ಬರುವಾಗ ಟ್ಯಾಕ್ಸಿಯಲ್ಲಿ ಕೇಳಿದೆ. ಒಪ್ಪಿಕೊಂಡ. ‘ಅದು ಗಿಡ ಕಣೇ, ನ್ಯಾಚುರಲ್. ವಾಂತಿ ನಿಲ್ಲೋಕೇ ಅದನ್ನ ಕೊಡ್ತಾರೆ, ನೆಟ್‌ನಲ್ಲಿ ಓದು’ ಅಂತ ನನಗೇ ಪಾಠ. ವಾಂತಿ ಬಂತು ಅಂತ ಎಳೆಯುತ್ತಾನೆ, ಎಳೆದದ್ದಕ್ಕೆ ಮತ್ತೆ ವಾಂತಿ ಬರುತ್ತದೆ. ಬಿಡಲು ನೋಡಿದ, ಸುಳ್ಳು ಹೇಳಬಾರದು. ಎರಡು ದಿನ ನಿದ್ದೆಯಿಲ್ಲ, ಬಾಗಿಲಿಗೆ ಒದ್ದ, ಅತ್ತ, ಮೂರನೇ ದಿನ ಮತ್ತೆ ಮಿಠಾಯಿ ವಾಸನೆ. ಅಷ್ಟರಲ್ಲಿ ಬೇರೆ ಆಸ್ಪತ್ರೆಗೆ ಹೋಗಿ ತೋರಿಸಿಕೊಂಡ, ಅಲ್ಲಿನ ಸರ್ಜನ್ ಸ್ಕ್ಯಾನಿನಲ್ಲಿ ಸಣ್ಣದೊಂದು ಕಲ್ಲು ನೋಡಿದರು. ಕ್ಯಾಶುಯಾಲ್ಟಿಯ ಸ್ಕ್ಯಾನಿನಲ್ಲೂ ಅದು ಕಂಡಿತ್ತು, ಸುಮ್ಮನೆ ಕೂತ ಕಲ್ಲು, ವಾಂತಿಗೆ ಅದು ಕಾರಣವಲ್ಲ ಅಂತ ಅಲ್ಲಿನ ಡಾಕ್ಟರ್ ಅವನೆದುರೇ ಹೇಳಿದ್ದರು. ಇವನು ಸರ್ಜನ್ ಹತ್ತಿರ ಸೇದುವ ವಿಷಯ ಬಾಯಿಬಿಡಲಿಲ್ಲ. ಕಲ್ಲು ಸಿಕ್ಕಿತು ಅಂತ ಎಷ್ಟು ಖುಷಿಪಟ್ಟ ಗೊತ್ತಾ ಅಮ್ಮಾ, ಪಾಸಾದವನ ಹಾಗೆ. ‘ಆಪರೇಷನ್ ಆಗಿಹೋಗ್ಲಿ ಬಿಡು, ಅಮ್ಮಂಗೆ ಹೇಳೋ ತಾಪತ್ರಯ ಇಲ್ಲ’ ಅಂದ. ನಿನಗೆ ನಿಜ ಹೇಳುವುದಕ್ಕಿಂತ ಹೊಟ್ಟೆ ಕೊಯ್ಯಿಸಿಕೊಳ್ಳುವುದು ಅವನಿಗೆ ಸುಲಭ. ಅಷ್ಟು ಎತ್ತರದಲ್ಲಿ ಕೂರಿಸಿದ್ದೀಯ ನಿನ್ನ ದೊರೆಯನ್ನು.

ಇದನ್ನು ಬರೆದದ್ದಕ್ಕೆ ಬೇಜಾರಾಗಬೇಡ. ಸ್ವಲ್ಪ ಆಗು, ಪರವಾಗಿಲ್ಲ. ಅಜ್ಜಿಗೆ ನನ್ನ ನಮಸ್ಕಾರ ಹೇಳು, ಅವರಿಗೆ ನಾನ್ಯಾರು ಅಂತ ಗೊತ್ತಾಗದಿದ್ದರೂ. ನಿನ್ನ ಕಾಲಿಗೆ ಬೀಳುತ್ತೇನೆ. ಮೈ ನೋಡಿಕೋ.

ಇಂತಿ ನಿನ್ನ,
ಪೀಚು

ಮತ್ತೆ: ಆಂಟಿ ಬಂದು ಹೊರಗೆ ಕಾಯುತ್ತಿದ್ದಾರೆ, ಬೇಗ ಬರೆಯುತ್ತೇನೆ. ನಿನ್ನೆ ಕ್ಲಾಸ್ ಬಿಟ್ಟು ನಾನೇ ಸರ್ಜನ್ ಹತ್ತಿರ ಹೋಗಿ ಎಲ್ಲಾ ಹೇಳಿದೆ. ಅವರು ಅವನಿಗೆ ಅಲ್ಲೇ ಫೋನ್ ಮಾಡಿದರು, ಅವನು ಇಲ್ಲವೇ ಇಲ್ಲ ಅಂದ. ‘ಪೇಶೆಂಟೇ ಇಲ್ಲ ಅಂತಿದಾರಲ್ಲಮ್ಮ. ನೀನೇನು ಓದ್ತಿದ್ದೀಯ, ಕಾಮರ್ಸಾ? ಮನೇಲಿ ದೊಡ್ಡವರಿದ್ರೆ ಮಾತಾಡಿಸು’ ಅಂದರು. ನಮ್ಮ ಮನೆಯಲ್ಲಿ ದೊಡ್ಡವಳು ನೀನೊಬ್ಬಳೇ. ಸರ್ಜನ್ ನಂಬರ್ ಈ ಹಾಳೆಯ ಹಿಂಬದಿಯಲ್ಲಿದೆ. ಬುಧವಾರದೊಳಗೆ ಮಾಡು. ಅದಕ್ಕೂ ಮುಂಚೆ ಅಣ್ಣನಿಗೆ ಮಾಡಿ, ಗೊತ್ತಾಗಿದೆ ಅಂತ ನೀನೇ ಹೇಳಿಬಿಡು, ಅವನ ಬಾಯಿಂದ ಹೇಳಿಸಬೇಡ. ಬೈಯಬೇಡ ಅಮ್ಮಾ. ನೀನು ಬೈದರೆ ಅವನು ನೆಟ್ಟಗೆ ಆಪರೇಷನ್‌ಗೇ ಹೋಗುತ್ತಾನೆ. ಇದು ಕೈಗೆ ಸಿಕ್ಕಿದ ಕೂಡಲೇ ನನಗೊಂದು ಉತ್ತರ ಕೊಡು. ಕ್ಲಾಸಲ್ಲಿದ್ದರೂ ಫೋನ್ ಎತ್ತುತ್ತೇನೆ.