ಮೂರನೇ ಗಂಟೆಯ ಬಾಗಿಲು

ಜುಲೈ ೭, ಮಂಗಳವಾರ. ಬೆಳಿಗ್ಗೆ

ಹಾಲು ಉಕ್ಕಿತು. ಒಲೆ ಒರೆಸಿದೆ. ಅಂಗಡಿಗೆ ಹೊರಡಲು ಅಂಗಿ ಹುಡುಕುತ್ತಿದ್ದೆ — ಇವಳು, ನನ್ನ ಹೆಂಡತಿ, ಕೋವಿಡ್ ಟೆಸ್ಟ್ ಕಡ್ಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಂತಿದ್ದಳು. ಕನ್ನಡಕದ ಗಾಜು ಅರೆಯುವ ಕೆಲಸದವಳು. ಕೂದಲೆಳೆಯಷ್ಟು ಗೆರೆಯೂ ಅವಳ ಕಣ್ಣಿಂದ ತಪ್ಪಿಸಿಕೊಳ್ಳದು.

ಎರಡು ಗೆರೆ. ಮಗನದು. ಉಳಿದ ಮೂವರದೂ ಒಂದೊಂದೇ.

ಡಾಕ್ಟರಿಗೆ ಫೋನ್. ಹುಡುಗ ಬೇರೆ ಕೋಣೆಯಲ್ಲಿರಲಿ, ತಟ್ಟೆ ಲೋಟ ಬೇರೆ, ಕಿಟಕಿ ತೆರೆದಿರಲಿ, ಟೆಸ್ಟ್ ಒಂದೇ ಗೆರೆ ತೋರಿಸುವವರೆಗೆ ಸುಮ್ಮಸುಮ್ಮನೆ ಯಾರೂ ಒಳಗೆ ಹೋಗಬೇಡಿ ಅಂದರು.

ಹನ್ನೊಂದರ ಪೋರ. ಅಳಲಿಲ್ಲ. ತಾನೇ ಹಾಸಿಗೆ ಸುತ್ತಿಕೊಂಡು ಒಳಗೆ ನಡೆದ. ಹೊಸ್ತಿಲಲ್ಲಿ ಒಮ್ಮೆ ತಿರುಗಿದ.

"ಅಪ್ಪಾ, ಅವಳಿಗೆ ಹಾಲು ನೀಲಿ ಲೋಟದಲ್ಲೇ ಕೊಡು. ಬೇರೆದ್ರಲ್ಲಿ ಕೊಟ್ರೆ ಕುಡಿಯಲ್ಲ."

ಬಾಗಿಲು ಮುಚ್ಚಿತು.

ನಾಟಕ ಕಂಪನಿಯ ಪೆಟ್ಟಿಗೆಗಳ ಮೇಲೆ ಮಲಗಿ ಬೆಳೆದವನು ನಾನು. ಸಿಂಹಾಸನ ಬಿಟ್ಟು ಕಾಡಿಗೆ ಹೊರಟ ರಾಜರನ್ನು ಸಾಲಾಗಿ ನೋಡಿದ್ದೇನೆ. ಇಂಥ ನಿರ್ಗಮನ ನೋಡಿರಲಿಲ್ಲ.

ಅದೇ ದಿನ, ಮಧ್ಯಾಹ್ನ

ಅವಳು ಅಂದರೆ ನಮ್ಮ ಸಾಸಿವೆ. ಕಿರಿಯವಳು. ನಾಲ್ಕಕ್ಕೆ ಬೀಳುತ್ತಿದೆ, ಬಾಯಿಂದ ಇನ್ನೂ ಒಂದು ಮಾತು ಬಿದ್ದಿಲ್ಲ. ಕಿವಿ ಸರಿಯಿದೆ, ನಾಲಿಗೆ ಸರಿಯಿದೆ. ಮುಂದಿನ ತಿಂಗಳು ದೊಡ್ಡ ಆಸ್ಪತ್ರೆಯಲ್ಲಿ ಪರೀಕ್ಷೆ. ಅದನ್ನು ನೆನೆದರೆ ಹೊಟ್ಟೆಯಲ್ಲಿ ಕಲ್ಲು ಬಿದ್ದಂತಾಗುತ್ತದೆ. ರಂಗದ ಮೇಲೆ ನಿಂತು ಕೊನೆಯ ಸಾಲಿನವನಿಗೂ ಕೇಳುವಂತೆ ಕೂಗುತ್ತಿದ್ದವನ ಮಗಳು... ಈಗ ಅದೇ ಗಂಟಲಲ್ಲಿ ಮಂಚ ಮಾರುತ್ತೇನೆ, ಅದು ಬೇರೆ ಮಾತು.

ಅವಳ ನಾಲಿಗೆ ಅವಳ ಅಣ್ಣ. "ನೀರು ಬೇಕಂತೆ", "ನಿದ್ದೆ ಬಂತಂತೆ" — ಅವಳು ಕತ್ತು ತಿರುಗಿಸುವಷ್ಟರಲ್ಲಿ ಅವನು ಹೇಳಿ ಮುಗಿಸಿರುತ್ತಾನೆ. ಆ ನಾಲಿಗೆ ಈಗ ಬಾಗಿಲ ಆಚೆ.

ಮನೆಗೆ ಇರುವುದು ಒಂದೇ ಬಚ್ಚಲು. ಅದಕ್ಕೊಂದು ಏರ್ಪಾಡು ಬೇಕಿತ್ತು. ಕಂಪನಿಯ ಕ್ರಮವನ್ನೇ ತಂದೆ: ಪರದೆ ಏಳುವ ಮುಂಚೆ ಮೂರು ಸಲ ಗಂಟೆ. ತಟ್ಟೆಗೆ ಸೌಟು ಬಡಿದರೆ ಅದೇ ಗಂಟೆ. ಮೊದಲನೆಯದಕ್ಕೆ ಎಲ್ಲರೂ ಪಡಸಾಲೆಯಿಂದ ಹೊರಗೆ. ಎರಡನೆಯದಕ್ಕೆ ಊಟ ಸ್ಟೂಲಿನ ಮೇಲೆ. ಮೂರನೆಯದಕ್ಕೆ ಅವನ ಬಾಗಿಲು ತೆರೆಯಬಹುದು. ಬಚ್ಚಲಿಗೂ ಇದೇ ಶಾಸ್ತ್ರ. ಅವನು ಹೋಗಿಬಂದ ಮೇಲೆ ನಾನು ಬ್ಲೀಚ್ ಹಾಕಿ ಒರೆಸುವುದು.

ಗಂಟೆಯ ಸದ್ದು ಕೇಳಿ ಮೇಲಿನ ಮನೆಯ ದರ್ಜಿಯಮ್ಮ ಮೆಟ್ಟಿಲಲ್ಲಿ ಬಗ್ಗಿ ಕೇಳಿದಳು: ಟಿಕೆಟ್ ಇದೆಯಾ, ಪುಕ್ಕಟೆಯಾ?

ಜುಲೈ ೮, ಬುಧವಾರ

ಇಂದು ಕಂಡದ್ದನ್ನು ಬರೆದಿಡಬೇಕು.

ಸಾಸಿವೆ ಕಪಾಟಿನ ಮುಂದೆ ನಿಂತಳು. ಬಿಸ್ಕತ್ತು ಕೊಟ್ಟೆ, ತಳ್ಳಿದಳು. ಗೊಂಬೆ ತೋರಿಸಿದೆ, ತಳ್ಳಿದಳು. ನಾನೂ ಇವಳೂ ಇಡೀ ಮನೆಯನ್ನೇ ಅವಳ ಮುಂದೆ ತಂದು ಸುರಿದೆವು. ಅಷ್ಟರಲ್ಲಿ ಮುಚ್ಚಿದ ಬಾಗಿಲ ಹಿಂದಿನಿಂದ, ಕೆಮ್ಮಿನ ನಡುವೆ — ಅವಳ ಹೆಜ್ಜೆ ಉಜ್ಜಿದ ಹಾಗೆ ಕೇಳ್ತಿದೆಯಾ ಅಂತ ಕೇಳಿದ. ಹೌದು ಅಂದೆ. ಹಾಗಾದರೆ ಕಾಲಿಗೆ ಚಳಿ, ಸಾಕ್ಸ್ ಬೇಕು ಅಂದ.

ಸಾಕ್ಸ್ ಹಾಕಿದೆ. ಶಾಂತ.

ಕಣ್ಣಿಲ್ಲದೆ ನೋಡಿದ. ಗೋಡೆಯಾಚೆಯಿಂದ! ಅವಳು ನನ್ನ ಕಾಲ ಬುಡದಲ್ಲೇ ಇದ್ದಳು, ಅವನು ಹೇಳುವವರೆಗೆ ನನಗೆ ಕೇಳಿಸಲಿಲ್ಲ.

ಜುಲೈ ೯, ಗುರುವಾರ. ಸಂಜೆ

ಬಾಗಿಲಿಗೆ ಬೆನ್ನು ಕೊಟ್ಟು ಕುಳಿತು ಅವನಿಗೆ ಕಂಪನಿಯ ಕಥೆ ಹೇಳಿದೆ. ನಮ್ಮ ಪ್ರಾಂಪ್ಟರ್ ಅಜ್ಜನದು. ಪಕ್ಕದ ಪರದೆಯ ಮರೆಯಲ್ಲಿ ಕೂತು, ನಟ ಮರೆತ ಮಾತನ್ನು ಪಿಸುಗುಟ್ಟುವ ಕೆಲಸ. ಆದರೆ ಥಟ್ಟನೆ ಕೊಡುತ್ತಿರಲಿಲ್ಲ. ಒಂದು ಉಸಿರಿನಷ್ಟು ಹೊತ್ತು ಬಿಡುತ್ತಿದ್ದರು. ನಟ ಬೆವರಲಿ, ತಡಕಾಡಲಿ, ಒಂದು ಉಸಿರು. ಬೇಗ ಕೊಟ್ಟರೆ ಅವನು ಜನ್ಮದಲ್ಲಿ ಮಾತು ಕಲಿಯುವುದಿಲ್ಲ ಅನ್ನುತ್ತಿದ್ದರು.

ಒಳಗಿನಿಂದ ಸದ್ದಿಲ್ಲ. ನಿದ್ದೆ ಹೋದನೇನೋ ಅಂದುಕೊಂಡೆ. ಒಳ್ಳೊಳ್ಳೆಯ ಕಥೆಗಳಿಗೆಲ್ಲ ಇದೇ ಗತಿ.

ಜುಲೈ ೧೦, ಶುಕ್ರವಾರ

ರಣರಂಗ. ಸಾಸಿವೆ ನೀಲಿ ಲೋಟ ಎಸೆದಳು. ಗಂಜಿ ಗೋಡೆಗೆ. ಏನು ಬೇಕೋ ಯಾರಿಗೂ ತಿಳಿಯಲಿಲ್ಲ. ಬಾಗಿಲಿಗೆ ಹೋಗಿ ಕೇಳಿದೆ. ಮತ್ತೆ ಕೇಳಿದೆ, ನನ್ನ ನಾಟಕದ ಗಂಟಲಲ್ಲಿ. ಮೇಲೆ ಹೊಲಿಗೆ ಮೆಷಿನ್ ನಿಂತಿತು.

"ಗೊತ್ತಿದೆ. ಹೇಳಲ್ಲ."

ಸಿಟ್ಟು ನೆತ್ತಿಗೇರಿತು. ತಂಗಿ ಉಪವಾಸ ಬಿದ್ದಿದ್ದಾಳೆ, ನಿನಗೆ ಆಟವಾ ಅಂತ ಗುಡುಗಿದೆ.

"ಆಟ ಅಲ್ಲಪ್ಪಾ. ನಾನು ಬೇಗ ಕೊಡ್ತಾ ಇದ್ದೆ. ನೀನೇ ಹೇಳಿದ್ಯಲ್ಲ ನಿನ್ನೆ." ಕೆಮ್ಮಿದ. "ಇಲ್ಲಿ ಒಬ್ನೇ ಇದ್ದಾಗ ಯೋಚ್ನೆ ಮಾಡ್ದೆ. ಅವ್ಳು ಬಾಯಿ ತೆಗೆಯೋಕೆ ನಾನು ಜಾಗಾನೇ ಬಿಟ್ಟಿಲ್ಲ. ನೀನೂ ಬಿಟ್ಟಿಲ್ಲ."

ನಿದ್ದೆ ಹೋಗಿರಲಿಲ್ಲ ಅವನು. ಆ ಕಥೆಯನ್ನು ನೂರು ಸಲ ಹೇಳಿದವನು ನಾನು. ಕೇಳಿದವನು ಅವನು.

ಇವಳು ಗೋಡೆ ಒರೆಸುತ್ತ ಮೆಲ್ಲಗೆ ಅಂದಳು: ಆಸ್ಪತ್ರೆಯ ದಿನ ರದ್ದು ಮಾಡುವ ಮಾತಿಲ್ಲ. ಆದರೆ ಹುಡುಗ ಹೇಳಿದ ಹಾಗೆ ಆಗಲಿ. ಕಾಯೋಣ.

ಕಾಯುವುದು! ನನಗೆ!

ಜುಲೈ ೧೪, ಮಂಗಳವಾರ

ಶನಿವಾರದಿಂದ ಮಗನಿಗೆ ಸುಡುವ ಜ್ವರ, ಇಂದು ಇಳಿಯಿತು.

ಆ ಮೂರು ದಿನ ಗಂಟೆ ಬಾರಿಸುವ ಮನಸ್ಸಿರಲಿಲ್ಲ ಯಾರಿಗೂ. ಡಾಕ್ಟರನ್ನು ಕೇಳಿ, ಇವಳು ಮಾಸ್ಕ್ ಹಾಕಿಕೊಂಡು ಒಳಹೊಕ್ಕು ಹಣೆಗೆ ಒದ್ದೆ ಬಟ್ಟೆ ಹಾಕಿದಳು. ಆಮೇಲೆ ಅವಳೂ ಅಡುಗೆಮನೆಯಲ್ಲೇ ಬೇರೆ ಚಾಪೆ. ನಾನು, ಸಾಸಿವೆ ಪಡಸಾಲೆಯಲ್ಲಿ. ಸಾಸಿವೆ ಬಾಗಿಲನ್ನೇ ನೋಡುತ್ತ ಕೂರುತ್ತಾಳೆ. ಏನು ಬೇಕು ಅಂತ ನಾನು ಕೇಳಿಲ್ಲ. ಊಹಿಸಿಲ್ಲ. ಬಾಯಿಗೆ ಬಂದದ್ದನ್ನೆಲ್ಲ ನುಂಗಿದೆ.

ಮಗನ ಸ್ವರ ಈಗ ದಾರದಷ್ಟಾಗಿದೆ. ಕೆಮ್ಮು ಮಾತ್ರ ದೊಡ್ಡದು.

ಜುಲೈ ೧೫, ಬುಧವಾರ. ಸಂಜೆ

ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಗಂಜಿಯ ಹೊತ್ತು. ಮೊದಲ ಗಂಟೆ ಬಾರಿಸಿದೆ. ಎರಡನೆಯದು ಬಾರಿಸಿ ತಟ್ಟೆ ಇಟ್ಟೆ. ಒಳಗೆ ಕೆಮ್ಮು ಹಿಡಿಯಿತು, ಬಿಡಲೊಲ್ಲದು. ಅಡುಗೆಮನೆ ಬಾಗಿಲಲ್ಲಿ ಇವಳು, ಕೈತುಂಬ ಹಿಟ್ಟು. ಸಾಸಿವೆ ನನ್ನ ಕಾಲ ಸಂದಿಯಿಂದ ನುಸುಳಿ ಹೋಗಿ ಬಾಗಿಲಿಗೆ ಕೆನ್ನೆ ಒತ್ತಿದಳು. ಹಿಂದಕ್ಕೆ ಎಳೆಯಬೇಕು ಅನ್ನುವಷ್ಟರಲ್ಲಿ — ಅವಳ ಬೆನ್ನು ಒಮ್ಮೆ ಏರಿತು. ಉಸಿರು ತೆಗೆದುಕೊಂಡಳು. ಪ್ರವೇಶಕ್ಕೆ ಮುಂಚೆ ನಟರು ತೆಗೆದುಕೊಳ್ಳುತ್ತಾರಲ್ಲ, ಹಾಗೆ.

ನಿಂತೆ.

"ಅಣ್ಣಾ, ನೀರು ಕುಡಿ."

ಅಷ್ಟೇ. ಒಡೆದ ಮಾತಲ್ಲ, ತೊದಲಲ್ಲ. ಎಷ್ಟು ಕಾಲದಿಂದ ಒಳಗೆ ಮಡಿಸಿಟ್ಟಿದ್ದಳೋ, ಗರಿ ಮುರಿಯದ ಬಟ್ಟೆಯ ಹಾಗೆ.

ನನ್ನ ಎದೆಯಿಂದ ಒಂದು ಘರ್ಜನೆ ಹೊರಟದ್ದು ನನಗೇ ಗೊತ್ತು. ಇವಳು ದೂರ ಗೀರ ಎಲ್ಲ ಮರೆತು ಓಡಿಬಂದು ನನ್ನ ಬಾಯನ್ನು ಹಿಟ್ಟಿನ ಕೈಯಲ್ಲಿ ಮುಚ್ಚಿದಳು. ಘರ್ಜನೆ ಕಣ್ಣಿಂದ ಇಳಿಯಿತು.

ಒಳಗೆ ಕೆಮ್ಮು ನಿಂತಿತು. ಲೋಟದ ಸದ್ದು. ಗುಟುಕು, ಗುಟುಕು. ಆಮೇಲೆ ದಾರದಷ್ಟು ಸ್ವರ.

"ಕುಡ್ದೆ ಕಣೇ."

ಸಾಸಿವೆ ತಲೆಯಾಡಿಸಿ ತನ್ನ ಚಾಪೆಗೆ ಹೋಗಿ ಕುಳಿತಳು, ದೊಡ್ಡದೇನೂ ಆಗಿಲ್ಲವೆಂಬಂತೆ. ಚಪ್ಪಾಳೆಗೆ ಕಾಯದ ಮೊದಲ ಕಲಾವಿದೆ, ನಮ್ಮ ವಂಶದಲ್ಲಿ.

ಮೂರನೇ ಗಂಟೆ ಬಾರಿಸುವುದನ್ನೇ ಮರೆತೆ. ಗಂಜಿ ಆರಿಹೋಯಿತು.

ಜುಲೈ ೧೮, ಶನಿವಾರ

ಒಂದು ಗೆರೆ! ಇವಳು ಕಡ್ಡಿಯನ್ನು ಕಿಟಕಿಗೆ ಹಿಡಿದಳು, ದೀಪಕ್ಕೆ ಹಿಡಿದಳು, ತನ್ನ ಭೂತಗನ್ನಡಿಯಲ್ಲೂ ನೋಡಿದಳು. ಒಂದೇ. ನಮ್ಮದೂ ಒಂದೊಂದೇ.

ಸೌಟು, ತಟ್ಟೆ ಸಾಸಿವೆಯ ಕೈಗೆ ಕೊಟ್ಟೆ. ಮೂರು ಗಂಟೆಯನ್ನೂ ಅವಳೇ ಬಾರಿಸಿದಳು. ಬಾಗಿಲು ತೆರೆಯಿತು. ಬಡಕಲು ರಾಜಕುಮಾರ, ಕೂದಲು ಹಕ್ಕಿಗೂಡು. ಇಬ್ಬರೂ ಸುಮ್ಮನೆ ಎದುರುಬದುರು ನಿಂತರು. ಪಾಪಿ ಹುಡುಗ, ತಂಗಿ ಏನನ್ನುತ್ತಾಳೋ ಎಂದು ಬಾಯಿ ಬಿಗಿಹಿಡಿದು ಕಾದ. ಅವಳು ಏನೂ ಅನ್ನದೆ ಅವನ ಅಂಗಿಯ ಗುಂಡಿ ಸರಿಮಾಡಿದಳು.

ಬುಧವಾರದಿಂದ ಇಂದಿನವರೆಗೆ ಮತ್ತೆ ಮಾತಿಲ್ಲ. ಆಸ್ಪತ್ರೆಯ ದಿನ ಹಾಗೇ ಇದೆ, ಹೋಗುತ್ತೇವೆ. ಆದರೆ ಹೊಟ್ಟೆಯ ಆ ಕಲ್ಲು... ಹುಡುಕುತ್ತೇನೆ, ಸಿಗುತ್ತಿಲ್ಲ.

ಅದೇ ದಿನ, ಮಧ್ಯಾಹ್ನ

ಬರೆಯುತ್ತಿದ್ದೇನೆ. ಮೇಜಿನ ಪಕ್ಕ ಬಂದು ನಿಂತಿದ್ದಾಳೆ. ಕೈಯಲ್ಲಿ ಖಾಲಿ ನೀಲಿ ಲೋಟ. ಮಗ ಒಳಕೋಣೆಯ ಹೊಸ್ತಿಲಿಂದ ನನ್ನತ್ತ ಬೆರಳು ತುಟಿಗಿಟ್ಟು ನೋಡುತ್ತಿದ್ದಾನೆ. ಅವಳಿಗೆ ಏನು ಬೇಕೆಂದು ನನಗೆ ಗೊತ್ತು. ತುದಿನಾಲಿಗೆಯಲ್ಲಿದೆ. ತಲೆ ಎತ್ತುವುದಿಲ್ಲ, ಸುಮ್ಮನೆ ಬರೆಯುತ್ತಿರುತ್ತೇನೆ. ಒಂದು ಉಸಿರು. ಅವಳ ಬೆನ್ನು ಏರಿತು —

"ಅಪ್ಪಾ —"