ಕುಲುಮೆ ಆರಿಸಿದ ಸುದ್ದಿ

ಮಾರ್ಚ್ ೧೩, ೧೯೯೬

ಬೆಳಿಗ್ಗೆ ಪತ್ರಿಕೆಗೆ ಹವಾಮಾನ, ಎರಡು ಮರಣವಾರ್ತೆ ಬರೆದೆ. ನಿನ್ನೆ ಬರೆದದ್ದು ಇವತ್ತು ಮೊದಲ ಪುಟದಲ್ಲಿದೆ. ಗಾಜಿನ ಕಾರ್ಖಾನೆಯನ್ನು ಸರ್ಕಾರ ಕೊನೆಗೂ ಮಾರಿತು. ಕೊಂಡವನು ರಾಜಧಾನಿ ಬಿಷ್ಕೆಕ್‌ನವನು. ಒಳ್ಳೆಯ ಕೋಟು. ಒಬ್ಬರ ಕೆಲಸವೂ ಹೋಗುವುದಿಲ್ಲ ಎಂದ. ಹಾಗೇ ಬರೆದೆ. ನಮ್ಮ ಮುಕಾಶಣ್ಣ ಅದನ್ನು ಮನೆಮಂದಿಗೆಲ್ಲ ಗಟ್ಟಿಯಾಗಿ ಓದಿದನಂತೆ. ಹರೆಯದಿಂದಲೂ ಆ ಕುಲುಮೆಯ ಮುಂದೆಯೇ ಬೆವರಿದವನು...

ಜೂನ್ ೩

ಅಣ್ಣ ಕಚೇರಿಗೇ ಬಂದ. ಎಂದೂ ಬಂದವನಲ್ಲ. ಕೂರಲಿಲ್ಲ.

"ಬುರುಲ್, ಕುಲುಮೆ ಆರಿಸ್ತಾರಂತೆ. ಆರಿದ್ರೆ ಒಳಗಿನ ಗಾಜು ಹೆಪ್ಪುಗಟ್ಟುತ್ತೆ. ಆಮೇಲೆ ಒಡೆದು ಹಾಕೋದೊಂದೇ. ನೀನು ಇದನ್ನ ಬರಿ."

"ಬರೀತೀನಣ್ಣ."

ಬರೆದೆ. ಮಾಲೀಕ ಫೋನ್ ಎತ್ತಲಿಲ್ಲ. ಅದನ್ನೂ ಬರೆದೆ.

ಜೂನ್ ೫

ಸಂಪಾದಕ ಶಾರ್ಷೆನ್ ಬಾಗಿಲು ಹಾಕಿಕೊಂಡು ಮಾತಾಡಿದರು. ಪತ್ರಿಕೆಯಲ್ಲೂ ಈಗ ಅರ್ಧ ಪಾಲು ಅವನದೇ, ಕಾರ್ಖಾನೆ ಕೊಂಡವನದು.

"ಪೇಪರ್ರೂ ಮಾರಿಬಿಟ್ರಾ?"

"ಮಾರದಿದ್ರೆ ಎಲ್ಲಿ ಬರೀತಿದ್ಯಮ್ಮ? ಗೋಡೆ ಮೇಲಾ?"

ಜೂನ್ ೬

ಇವತ್ತಿನ ಪತ್ರಿಕೆಯಲ್ಲಿ ಬಂತು. "ಕುಲುಮೆ ದುರಸ್ತಿ: ಸೆಪ್ಟೆಂಬರ್‌ನಲ್ಲಿ ಮತ್ತೆ ಆರಂಭ." ಕೆಳಗೆ ನನ್ನ ಹೆಸರು. ಒಂದು ಸಾಲೂ ನನ್ನದಲ್ಲ. ಅಣ್ಣನ ಮನೆಗೆ ಹೋಗಬೇಕಿತ್ತು. ಹೋಗಲಿಲ್ಲ.

ಸೆಪ್ಟೆಂಬರ್ ೨೦

ಇಷ್ಟು ದಿನ ಇಲ್ಲಿ ಏನನ್ನೂ ಬರೆಯಲಿಲ್ಲ.

ಮಾರುಕಟ್ಟೆಯಲ್ಲಿ ನಾಜಿರಾ ಅತ್ತಿಗೆ ಸಿಕ್ಕಳು. ಆಲೂಗೆಡ್ಡೆ ಆರಿಸುತ್ತಲೇ ಹೇಳಿದಳು — ಗಂಡಸರು ದಿನಾ ಕಾರ್ಖಾನೆ ಗೇಟಿನ ಹತ್ತಿರ ಕೂರುತ್ತಾರಂತೆ. ಇಟ್ಟಿಗೆ ಭಟ್ಟಿಯವರು ಕೆಲಸಕ್ಕೆ ಕರೆದರೂ ಹೋಗಿಲ್ಲವಂತೆ.

"ಅದು ಮತ್ತೆ ಹತ್ತಲ್ಲ ಅಂತ ಅಣ್ಣನಿಗೆ ಗೊತ್ತಲ್ಲ ಅತ್ತಿಗೆ?"

"ಅವರಿಗೆ ಗೊತ್ತು. ಪ್ಯಾಕಿಂಗಿನವರಿಗೇನು ಗೊತ್ತು, ಪೇಪರ್ ನಂಬ್ಕೊಂಡವ್ರೆ. ಯಾರೋ ಸುಳ್ಳು ಸುದ್ದಿ ಅಂದಿದ್ದಕ್ಕೆ ನಿಮ್ಮಣ್ಣ ಕಾಲರ್ ಹಿಡಿದ್ರು. ನನ್ ತಂಗಿ ಹೆಸರಿದೆ, ಸುಳ್ಳಾಗಲ್ಲ ಅಂದ್ರು. ಈಗ ಆ ಮಾತಿಗೆ ಕಟ್ಟುಬಿದ್ದು ತಾವೂ ಅಲ್ಲೇ ಕೂತವ್ರೆ."

ಆಲೂಗೆಡ್ಡೆ ತೂಗಿಸಿಕೊಂಡು ಹೋದಳು. ಬೈದಿದ್ದರೆ ಚೆನ್ನಾಗಿತ್ತು.

ಸೆಪ್ಟೆಂಬರ್ ೨೧

ಕಾರ್ಖಾನೆ ಗೇಟಿಗೆ ಹೋದೆ. ಹೇಳಿದೆ. ದುರಸ್ತಿ ಅಲ್ಲ, ಮುಚ್ಚಿಯೇಬಿಟ್ಟಿದ್ದಾರೆ. ನಾನು ಬರೆದದ್ದು ಬೇರೆ, ಅಚ್ಚಾದದ್ದು ಬೇರೆ. ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆ.

ಒಬ್ಬ ಮಾತ್ರ ನಕ್ಕ. "ಇದನ್ನೂ ಪೇಪರಿಗೆ ಹಾಕು ತಾಯಿ. ಚಳಿಗಾಲಕ್ಕೆ ಉರಿಸ್ಕೋತೀವಿ."

ಒಬ್ಬೊಬ್ಬರಾಗಿ ಎದ್ದು ಹೋದರು. ಅಣ್ಣ ಕೊನೆಯಲ್ಲಿ ಎದ್ದ. ಪ್ಯಾಂಟಿನ ಧೂಳು ಒದರಿಕೊಂಡ.

"ಯಾಕ್ ಬಂದೆ? ನಾನು ಸಂಭಾಳಿಸ್ತಿದ್ನಲ್ಲ."

ಅಷ್ಟೇ. ಮನೆವರೆಗೂ ಜೊತೆಗೆ ನಡೆದ, ನನಗೆ ಯಾರೂ ಏನೂ ಅನ್ನದ ಹಾಗೆ.

ಅಕ್ಟೋಬರ್ ೯

ಸೋಮವಾರ ಕೆಲಸ ಬಿಟ್ಟೆ. ಶಾರ್ಷೆನ್ ತಡೆಯಲಿಲ್ಲ.

ಇವತ್ತು ಅಣ್ಣ ರಷ್ಯಾಕ್ಕೆ ಹೊರಟ. ಕಟ್ಟಡದ ಕೆಲಸವಂತೆ. ಈ ವಯಸ್ಸಿನಲ್ಲಿ ಇಟ್ಟಿಗೆ ಹೊರಲು... ನಿಲ್ದಾಣಕ್ಕೆ ಅತ್ತಿಗೆಯೂ ನಾನೂ ಹೋಗಿದ್ದೆವು. ರೈಲು ಅಲುಗಿದ ಮೇಲೆ ಕಿಟಕಿಯಿಂದ ಏನೋ ಕೂಗಿದ. ಗದ್ದಲ. ಕೇಳಿಸಲಿಲ್ಲ.

"ಏನಂದ್ರು?" ಅತ್ತಿಗೆ ನನ್ನ ತೋಳು ಹಿಡಿದುಕೊಂಡಳು. "ಏನಂದ್ರು ಬುರುಲ್?"

"ವಸಂತಕ್ಕೆ ಬಂದ್ಬಿಡ್ತೀನಿ ಅಂದ."

ನಂಬಿದಳು. ಕಣ್ಣೊರೆಸಿಕೊಂಡು ನಕ್ಕೂಬಿಟ್ಟಳು. ನಾನು—